ತಾತನ ಕಾರು ಶೆವರ್ಲೆಯಾ, ಬ್ಯೂಕಾ? ಎಂಜಿನ್ನನ್ನೇ ಕೇಳಿ

ಪ್ರಶ್ನೆ: ನಮ್ಮದು ಚಿಂತಾಮಣಿ ತಾಲ್ಲೂಕಿನ ಹಳ್ಳಿ. ತಾತ ಓಡಿಸುತ್ತಿದ್ದ ಕಾರು ನಮ್ಮ ಹಳೇ ರೇಷ್ಮೆ ಹುಳದ ಮನೆಯಲ್ಲಿ ನಿಂತೇ ಇದೆ. ಮುಂದಿನ ಲಾಂಛನ, ಹೆಸರಿನ ಅಕ್ಷರ ಯಾವುದೂ ಉಳಿದಿಲ್ಲ. ಆರ್‌ಸಿ ಪುಸ್ತಕವೂ ಸಿಕ್ಕಿಲ್ಲ. ಅಪ್ಪ ಅದು ಶೆವರ್ಲೆ, ಆರು ಸಿಲಿಂಡರ್ ಅನ್ನುತ್ತಾರೆ. ದೊಡ್ಡಪ್ಪ ಬ್ಯೂಕ್, ಸಾಲಾಗಿ ಎಂಟು ಸಿಲಿಂಡರ್ ಇತ್ತು ಅನ್ನುತ್ತಾರೆ. ಎಂಜಿನ್ ಓಡುವಾಗ ಬಾನೆಟ್ ಮೇಲೆ ನೀರಿನ ಲೋಟ ಇಟ್ಟರೂ ತುಳುಕುತ್ತಿರಲಿಲ್ಲ ಅಂತ ಅಜ್ಜಿ ಹೇಳುತ್ತಾರೆ. ಯುದ್ಧದ ಕಾಲದಲ್ಲಿ ಇದ್ದಿಲಿನಲ್ಲಿ ಓಡಿಸಿದ್ದರಂತೆ. ನಂದಿ ಬೆಟ್ಟ ಹತ್ತುವಾಗ ನಡುವೆ ನಿಲ್ಲುತ್ತಿತ್ತಂತೆ, ತಾತ ಒದ್ದೆ ಬಟ್ಟೆ ಸುತ್ತಿದರೆ ಮತ್ತೆ ಹೊರಡುತ್ತಿತ್ತಂತೆ. ಇದರಲ್ಲಿ ಯಾವುದು ನಿಜ? ಎಂಜಿನ್ ಜಾಮ್ ಆಗಿದೆ. ತೆಗೆದು ಡೀಸೆಲ್ ಎಂಜಿನ್ ಕೂರಿಸೋಣ ಅಂತ ಮೆಕ್ಯಾನಿಕ್ ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಎಂಜಿನ್ ತೆಗೆಸಬೇಡಿ. ಜಾಮ್ ಆಗಿದ್ದರೂ, ತುಕ್ಕು ಹಿಡಿದಿದ್ದರೂ, ಒಳಗೆ ಇಲಿ ಗೂಡು ಕಟ್ಟಿದ್ದರೂ ತೆಗೆಸಬೇಡಿ. ಲಾಂಛನ ಇಲ್ಲ, ಕಾಗದ ಇಲ್ಲ ಅಂತ ನೀವೇ ಬರೆದಿದ್ದೀರಿ. ಹಾಗಿದ್ದ ಮೇಲೆ ನಿಮ್ಮ ಮನೆಯಲ್ಲಿ ನಡೆಯುತ್ತಿರುವ ಈ ಚರ್ಚೆಗೆ ಉಳಿದಿರುವ ದೊಡ್ಡ ಸಾಕ್ಷಿ ಆ ಎಂಜಿನ್ನೇ. ಅದನ್ನು ಗುಜರಿಗೆ ಹಾಕಿದರೆ ಆಮೇಲೆ ಅಪ್ಪ, ದೊಡ್ಡಪ್ಪ ಇಬ್ಬರೂ ಜೀವನಪೂರ್ತಿ ವಾದ ಮಾಡುತ್ತಲೇ ಇರಬೇಕಾಗುತ್ತದೆ.

ನಾನು ತುಮಕೂರಿನಲ್ಲಿ ಹಳೇ ಪೆಟ್ರೋಲ್ ಎಂಜಿನ್‌ಗಳನ್ನು ಬಿಚ್ಚಿ ಕಟ್ಟುವ ಕೆಲಸ ಮಾಡುತ್ತೇನೆ. ಇಂಥ ಗಾಡಿ ನೋಡಲು ಹೋದಾಗ ಮನೆಯವರು ಹೇಳುವ ಕಥೆಗಳನ್ನು ಪೂರ್ತಿ ಕೇಳಿಸಿಕೊಳ್ಳುತ್ತೇನೆ. ಎಷ್ಟೋ ಜನ ಮೆಕ್ಯಾನಿಕ್‌ಗಳು ಅದನ್ನು ಹರಟೆ ಅಂದುಕೊಂಡು ಸುಮ್ನೆ ತಲೆಯಾಡಿಸುತ್ತಾರೆ. ಆದರೆ ಅಜ್ಜಿಯ ಲೋಟ, ಒದ್ದೆ ಬಟ್ಟೆ, ಇದ್ದಿಲು, ಇವೆಲ್ಲ ನನಗೆ ಎಂಜಿನ್ ಬಗ್ಗೆ ಸಿಗುವ ಮಾಹಿತಿ. ಜನ ಗಾಡಿಯ ಹೆಸರು ಮರೆಯುತ್ತಾರೆ, ವರ್ಷ ತಪ್ಪು ಹೇಳುತ್ತಾರೆ. ಆದರೆ ಅದರ ಸದ್ದು, ವಾಸನೆ, ಅದು ಕೊಟ್ಟ ಕಾಟ, ಇವನ್ನು ಅಷ್ಟು ಸುಲಭಕ್ಕೆ ಮರೆಯುವುದಿಲ್ಲ.

ಮೊದಲು ಆರೋ ಎಂಟೋ ನೋಡೋಣ. ಇದು ಬಹಳ ಸುಲಭ. ಬಾನೆಟ್ ಎತ್ತಿ ಸ್ಪಾರ್ಕ್ ಪ್ಲಗ್ ಎಣಿಸಿ. ಪ್ಲಗ್ ಕಳಚಿ ಹೋಗಿದ್ದರೆ ಅವುಗಳ ತೂತು ಎಣಿಸಿ, ಇಲ್ಲವೇ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಮುಚ್ಚಳದ ಮೇಲೆ ಸುತ್ತಲೂ ವೈರ್ ಸಿಕ್ಕಿಸುವ ಜಾಗ ಎಷ್ಟಿವೆ ನೋಡಿ. ನಡುವಿನದು ಕಾಯಿಲ್‌ನಿಂದ ಬರುವ ವೈರ್‌ದು, ಅದನ್ನು ಬಿಡಿ. ಆರು ಇದ್ದರೆ ಅಪ್ಪನ ಮಾತಿಗೆ ಬಲ ಬಂತು. ಎಂಟು ಇದ್ದು, ಎಲ್ಲವೂ ಒಂದೇ ಸಾಲಿನಲ್ಲಿದ್ದರೆ ದೊಡ್ಡಪ್ಪನ ಮಾತಿಗೆ ತೂಕ ಬರುತ್ತದೆ. ನಾಲ್ಕು ನಾಲ್ಕಾಗಿ ಎರಡು ಕಡೆ ಹಂಚಿಕೊಂಡು ವಿ ಆಕಾರದಲ್ಲಿದ್ದರೆ ಇಬ್ಬರೂ ಹೇಳಿದ್ದಲ್ಲ, ಅದು ಫೋರ್ಡ್ ಇರಬಹುದು. 1932ರಿಂದ ಫೋರ್ಡ್ ವಿ8 ಎಂಜಿನ್ ಹಾಕುತ್ತಿತ್ತು. 'ಎಂಟು ಸಿಲಿಂಡರ್' ಅನ್ನುವ ನೆನಪು ಎಷ್ಟೋ ಮನೆಗಳಲ್ಲಿ ಆ ಫೋರ್ಡ್‌ನಿಂದ ಬಂದದ್ದು.

ಪ್ಲಗ್ ಎಣಿಸಿದರೆ ಮಾತ್ರ ಸಾಲದು. ಆರು ಸಿಲಿಂಡರ್ ಅಂದ ತಕ್ಷಣ ಶೆವರ್ಲೆ ಅಂತ ಅಲ್ಲ. ಡಾಜ್, ಪ್ಲಿಮತ್, ಡಿಸೋಟೊ ಕಾರುಗಳಲ್ಲೂ ಸಾಲಾಗಿ ಆರೇ ಇರುತ್ತಿದ್ದವು. ಇಲ್ಲಿ ವಾಲ್ವ್, ಅಂದರೆ ಸಿಲಿಂಡರಿಗೆ ಗಾಳಿ-ಪೆಟ್ರೋಲ್ ಬಿಡುವ, ಹೊಗೆ ಹೊರಬಿಡುವ ಬಾಗಿಲು, ಎಲ್ಲಿದೆ ಅನ್ನೋದು ಮುಖ್ಯ. ಶೆವರ್ಲೆ ಎಂಜಿನ್ನಿನಲ್ಲಿ ವಾಲ್ವ್‌ಗಳು ಹೆಡ್ಡಿನಲ್ಲಿ, ಅಂದರೆ ಪಿಸ್ಟನ್ನಿನ ತಲೆಯ ಮೇಲೆ ಇರುತ್ತವೆ. ಅದಕ್ಕೇ ಎಂಜಿನ್ ಮೇಲೆ ಉದ್ದನೆಯ ತಗಡಿನ ಟ್ಯಾಪೆಟ್ ಕವರ್ ಕಾಣುತ್ತದೆ, ಪ್ಲಗ್‌ಗಳು ಹೆಡ್ಡಿನ ಪಕ್ಕದಿಂದ ಒಳಗೆ ಹೋಗಿರುತ್ತವೆ. ಡಾಜ್, ಪ್ಲಿಮತ್‌ಗಳದು ಸೈಡ್ ವಾಲ್ವ್ ಎಂಜಿನ್. ವಾಲ್ವ್‌ಗಳು ಬ್ಲಾಕಿನ, ಅಂದರೆ ಸಿಲಿಂಡರ್‌ಗಳಿರುವ ದೊಡ್ಡ ಎರಕದ ಒಳಗೆ, ಸಿಲಿಂಡರ್ ಪಕ್ಕದಲ್ಲಿ ನಿಂತಿರುತ್ತವೆ. ಮೇಲೆ ಕವರ್ ಇರುವುದಿಲ್ಲ, ಚಪ್ಪಟೆಯಾದ ಕಬ್ಬಿಣದ ಹೆಡ್ ಅಷ್ಟೇ, ಅದರಲ್ಲೇ ಪ್ಲಗ್‌ಗಳು ಮೇಲಿನಿಂದ ಇಳಿದಿರುತ್ತವೆ. ಒಂದು ಸಲ ನೋಡಿದರೆ ಮತ್ತೆ ಗೊಂದಲವೇ ಆಗುವುದಿಲ್ಲ.

ಎಂಟರ ಕಥೆಯೂ ಹೀಗೇ. ಬ್ಯೂಕ್ 1931ರಿಂದ 1953ರವರೆಗೆ ಸಾಲು ಎಂಟು ಸಿಲಿಂಡರ್ ಎಂಜಿನ್ ಹಾಕಿತು, ಅದಕ್ಕೂ ವಾಲ್ವ್ ತಲೆಯ ಮೇಲೇ. ಪಾಂಟಿಯಾಕ್ ಕೂಡ 1933ರಿಂದ 1954ರವರೆಗೆ ಸಾಲು ಎಂಟು ಮಾಡಿತು, ಆದರೆ ಅದು ಸೈಡ್ ವಾಲ್ವ್. ಹಾಗಾಗಿ ಎಂಟು ಪ್ಲಗ್, ಮೇಲೆ ಉದ್ದ ಕವರ್ ಇದ್ದರೆ ಬ್ಯೂಕ್ ಇರುವ ಸಾಧ್ಯತೆ ಜಾಸ್ತಿ. ಎಂಟು ಪ್ಲಗ್ ಇದ್ದು ಮೇಲೆ ಚಪ್ಪಟೆ ಹೆಡ್ ಇದ್ದರೆ ಪಾಂಟಿಯಾಕ್ ಇರಬಹುದಾ ಅಂತ ನೋಡಬೇಕು.

ಈಗ ಅಜ್ಜಿಯ ಲೋಟದ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಬಹಳ ಹಿಡಿಸಿದ ಮಾತು ಅದು. ಅದು ಸುಮ್ನೆ ಹೊಗಳಿಕೆ ಅಲ್ಲ, ಅದಕ್ಕೆ ಕಾರಣ ಇದೆ.

ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಎರಡು ಪಿಸ್ಟನ್ ಮೇಲೆ ಹೋಗುವಾಗ ಎರಡು ಕೆಳಗೆ ಬರುತ್ತವೆ. ನೋಡಿದರೆ ಸರಿಸಮ ಆಯಿತು ಅನಿಸುತ್ತದೆ, ಅಲ್ವಾ? ಆದರೆ ಪಿಸ್ಟನ್ನಿಗೂ ಕೆಳಗೆ ತಿರುಗುವ ಕ್ರ್ಯಾಂಕ್ ದಂಡಕ್ಕೂ ಕೊಂಡಿಯಾದ ಕನೆಕ್ಟಿಂಗ್ ರಾಡ್ ಓರೆಯಾಗುವುದರಿಂದ ಪಿಸ್ಟನ್ ತನ್ನ ದಾರಿಯ ಮೇಲಿನ ಅರ್ಧದಲ್ಲಿ ಬೇಗ ಓಡುತ್ತದೆ, ಕೆಳಗಿನ ಅರ್ಧದಲ್ಲಿ ನಿಧಾನ. ಹಾಗಾಗಿ ಮೇಲಿನ ಜೋಡಿಯ ಎಳೆತವೂ ಕೆಳಗಿನ ಜೋಡಿಯ ಎಳೆತವೂ ಪೂರ್ತಿ ಸರಿಹೋಗುವುದಿಲ್ಲ. ಉಳಿದ ಆ ವ್ಯತ್ಯಾಸ ಕ್ರ್ಯಾಂಕ್ ಒಂದು ಸುತ್ತು ತಿರುಗುವಷ್ಟರಲ್ಲಿ ಎರಡು ಸಲ ಎಂಜಿನ್ನನ್ನು ಅಲ್ಲಾಡಿಸುತ್ತದೆ. ಅಂಬಾಸಡರ್ ನಿಂತಲ್ಲೇ ಓಡುವಾಗ ಗೇರ್ ಕಡ್ಡಿ ನಡುಗುವುದನ್ನು ನೀವು ನೋಡಿರಬಹುದು.

ಸಾಲಾಗಿ ಆರು ಇಟ್ಟಾಗ ಈ ಲೆಕ್ಕ ಚೊಕ್ಕವಾಗುತ್ತದೆ. ಒಂದು-ಆರು, ಎರಡು-ಐದು, ಮೂರು-ನಾಲ್ಕು, ಈ ಜೋಡಿಗಳು ಒಟ್ಟೊಟ್ಟಿಗೆ ಏರಿಳಿಯುತ್ತವೆ. ಮೂರು ಜೋಡಿಗೂ ನಡುವೆ 120 ಡಿಗ್ರಿ ಅಂತರ. ಈ ಮೂರರ ಎಳೆತ ಕೂಡಿಸಿದರೆ ಮೇಲೆ-ಕೆಳಗಿನದೂ ಸರಿಹೋಗುತ್ತದೆ, ಆ ಎರಡು ಸಲದ ನಡುಕವೂ ಹೋಗುತ್ತದೆ. ಬೇರೆ ತೂಕ ಕಟ್ಟಬೇಕಿಲ್ಲ, ಅದರ ಜೋಡಣೆಯೇ ಹಾಗಿದೆ. ಇನ್ನೊಂದು ಕಾರಣವೂ ಇದೆ. ಪ್ರತಿ ಸಿಲಿಂಡರ್ ಎರಡು ಸುತ್ತಿಗೆ ಒಂದು ಸಲ ಉರಿಯುತ್ತದೆ. ನಾಲ್ಕು ಸಿಲಿಂಡರ್ ಇದ್ದರೆ ಸುತ್ತಿಗೆ ಎರಡು ಏಟು, ಆರು ಇದ್ದರೆ ಮೂರು, ಎಂಟು ಇದ್ದರೆ ನಾಲ್ಕು. ಒಂದೇ ಒರಳಿಗೆ ಮೂವರು ಹೆಂಗಸರು ಸರದಿಯಲ್ಲಿ ಒನಕೆ ಹಾಕಿ ಕುಟ್ಟುವುದನ್ನು ಅಜ್ಜಿ ಕಂಡೇ ಇರುತ್ತಾರೆ. ಒಬ್ಬರೇ ಕುಟ್ಟಿದರೆ ನಡುನಡುವೆ ಬಿಡುವು ಕೇಳುತ್ತದೆ, ಮೂವರು ಕುಟ್ಟಿದರೆ ಸದ್ದು ಎಳೆ ಕಡಿಯದೆ ಸಾಗುತ್ತದೆ. ಆರು ಸಿಲಿಂಡರ್ ಎಂಜಿನ್ನಿನ ಸದ್ದು ಅಂಥದ್ದು.

ಹಾಗಾದರೆ ಲೋಟ ಆರಕ್ಕೆ ಸಾಕ್ಷಿಯಾ, ಎಂಟಕ್ಕಾ? ಎರಡಕ್ಕೂ. ಸಾಲು ಎಂಟು ಕೂಡ ಅಷ್ಟೇ ನುಣುಪು. ಅದು ಹೇಳುವುದಿಷ್ಟೇ: ನಿಮ್ಮದು ನಾಲ್ಕು ಸಿಲಿಂಡರ್ ಗಾಡಿ ಇರಲಿಕ್ಕಿಲ್ಲ. ಪೂರ್ತಿ ಖಚಿತ ಅನ್ನಲಾರೆ, ಯಾಕೆಂದರೆ ಪ್ಲಿಮತ್ ಕಂಪನಿ 1931ರಲ್ಲೇ ನಾಲ್ಕು ಸಿಲಿಂಡರ್ ಎಂಜಿನ್ನನ್ನು ರಬ್ಬರ್ ಮೇಲೆ ಕೂರಿಸಿ, ನಡುಕ ಗಾಡಿಯ ಮೈಗೆ ತಲುಪದ ಹಾಗೆ ಮಾಡಿತ್ತು. ಆದರೂ ಲೋಟ ತುಳುಕದೇ ಇರೋದು ಆರಕ್ಕೆ, ಎಂಟಕ್ಕೆ ಹೆಚ್ಚು ಹೊಂದುತ್ತದೆ.

ಅಷ್ಟು ಚೆನ್ನಾಗಿದ್ದ ಸಾಲು ಎಂಟು ಯಾಕೆ ಹೋಯಿತು ಅಂತ ದೊಡ್ಡಪ್ಪ ಕೇಳಿದರೆ ಹೇಳಿ: ಅದರ ಉದ್ದವೇ ಅದಕ್ಕೆ ತೊಂದರೆ ಆಯಿತು. ಎಂಟು ಸಿಲಿಂಡರ್ ಒಂದರ ಹಿಂದೆ ಒಂದು ನಿಲ್ಲಬೇಕಾದರೆ ಕ್ರ್ಯಾಂಕ್ ಬಹಳ ಉದ್ದ ಆಗುತ್ತದೆ. ಉದ್ದನೆಯ ಕಬ್ಬಿಣದ ದಂಡಕ್ಕೆ ಒಂದು ತುದಿಯಲ್ಲಿ ಏಟು ಬಿದ್ದರೆ ಇನ್ನೊಂದು ತುದಿಗೆ ಅದು ತಲುಪುವಷ್ಟರಲ್ಲಿ ದಂಡವೇ ಒಂಚೂರು ತಿರುಚಿಕೊಳ್ಳುತ್ತದೆ. ನಿಧಾನವಾಗಿ ಓಡುವ ಎಂಜಿನ್ನಿಗೆ ಇದು ದೊಡ್ಡದಲ್ಲ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ-ಪೆಟ್ರೋಲನ್ನು ಒತ್ತುವ ಪ್ರಮಾಣ, ಏರಿಸಿ ಜೋರಾಗಿ ತಿರುಗಿಸಲು ಹೊರಟಾಗ ಸಮಸ್ಯೆ ಶುರುವಾಯಿತು. ವಿ8 ಅದೇ ಎಂಟನ್ನು ಅರ್ಧ ಉದ್ದದಲ್ಲಿ ಹಿಡಿಸುತ್ತಿತ್ತು, ಬಾನೆಟ್ಟೂ ಗಿಡ್ಡ ಮಾಡಬಹುದಿತ್ತು. 1950ರ ದಶಕದಲ್ಲಿ ಸಾಲು ಎಂಟು ಮುಗಿದೇ ಹೋಯಿತು. ನನ್ನ ಮಟ್ಟಿಗೆ ಹೇಳುವುದಾದರೆ ಅಷ್ಟು ಹಿತವಾದ ಸದ್ದು ಆಮೇಲೆ ಬಂದ ಯಾವ ಎಂಜಿನ್ನಿನಲ್ಲೂ ಕೇಳಿಲ್ಲ.

ದೊಡ್ಡಪ್ಪನಿಗೂ ಅಪ್ಪನಿಗೂ ಒಂದು ಪ್ರಶ್ನೆ ಕೇಳಿ, ಆದರೆ ಬೇರೆ ಬೇರೆ ಕೂರಿಸಿ ಕೇಳಿ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸಬಾರದು. 'ಯಾವ ಕಂಪನಿ, ಎಷ್ಟು ಸಿಲಿಂಡರ್' ಅಂತೆಲ್ಲ ಬೇಡ. ತಾತ ಗಾಡಿ ಸ್ಟಾರ್ಟ್ ಮಾಡಲು ಏನು ಮಾಡುತ್ತಿದ್ದರು ಅಂತ ಕೇಳಿ. ಕೀ ತಿರುಗಿಸಿ, ಆಮೇಲೆ ಆಕ್ಸಿಲರೇಟರ್ ಪಕ್ಕದ ಇನ್ನೊಂದು ಸಣ್ಣ ಪೆಡಲನ್ನು ಕಾಲಿನಿಂದ ಒತ್ತುತ್ತಿದ್ದರು ಅಂದರೆ ಅದು ಶೆವರ್ಲೆಗೆ ಹೊಂದುತ್ತದೆ. 1948ರ ತನಕ ಶೆವರ್ಲೆಯಲ್ಲಿ ಸ್ಟಾರ್ಟರ್ ಕಾಲಿನದೇ, 1949ಕ್ಕೆ ಗುಂಡಿ ಬಂತು. ಕೀ ತಿರುಗಿಸಿ ಆಕ್ಸಿಲರೇಟರನ್ನೇ ಪೂರ್ತಿ ಒತ್ತಿದರೆ ಎಂಜಿನ್ ಸ್ಟಾರ್ಟ್ ಆಗುತ್ತಿತ್ತು ಅಂದರೆ ಬ್ಯೂಕ್, ಯಾಕೆಂದರೆ 1930ರ ದಶಕದ ನಡುವಿನಿಂದ ಬ್ಯೂಕ್ ಆ ಪದ್ಧತಿ ಇಟ್ಟುಕೊಂಡಿತ್ತು. ಸಿಲಿಂಡರ್ ಎಷ್ಟು ಅಂತ ಮಕ್ಕಳು ಎಣಿಸಿರುವುದಿಲ್ಲ. ಆದರೆ ತಾತ ಯಾವ ಕಾಲಿನಲ್ಲಿ ಏನು ಒತ್ತಿದರು ಅನ್ನೋದನ್ನು ಹಿಂದಿನ ಸೀಟಿನಲ್ಲಿ ಕೂತ ಹುಡುಗ ಮರೆಯುವುದಿಲ್ಲ. ಪೆಡಲ್ ಗಾಡಿಯಲ್ಲೇ ಇನ್ನೂ ಇದ್ದರೆ ನೀವೇ ಹೋಗಿ ನೋಡಬಹುದು.

ಗೇರ್ ಕಡ್ಡಿಯನ್ನೂ ಕೇಳಿ. ನೆಲದಲ್ಲಿತ್ತಾ, ಸ್ಟೀರಿಂಗ್ ಪಕ್ಕದಲ್ಲಿತ್ತಾ? ಶೆವರ್ಲೆ, ಬ್ಯೂಕ್ ಎರಡೂ ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯವು, ಅದರ ಗಾಡಿಗಳಲ್ಲಿ 1939-40ರ ಹೊತ್ತಿಗೆ ಅದು ಸ್ಟೀರಿಂಗ್ ಕಂಬಕ್ಕೆ ಏರಿತು. ನೆಲದಲ್ಲಿದ್ದರೆ ಗಾಡಿ ಅದಕ್ಕಿಂತ ಹಳೆಯದು.

ಇದ್ದಿಲಿನ ಕಥೆ ನಿಜ ಇರಬಹುದು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್‌ಗೆ ರೇಷನ್ ಬಂತು. ಬಸ್ಸಿಗೆ, ಲಾರಿಗೆ, ಕೆಲವು ಕಾರಿಗೂ ಗ್ಯಾಸ್ ಪ್ಲಾಂಟ್ ಕಟ್ಟಿದರು. ಹಿಂದೆ ಒಂದು ದೊಡ್ಡ ಡಬ್ಬಿ, ಅದರಲ್ಲಿ ಇದ್ದಿಲು. ಸಾಕಷ್ಟು ಗಾಳಿ ಕೊಡದೆ ಉರಿಸಿದಾಗ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ, ಅದನ್ನು ಸೋಸಿ, ತಣ್ಣಗೆ ಮಾಡಿ, ಪೈಪಿನಲ್ಲಿ ಎಂಜಿನ್ನಿಗೆ ಕೊಡುತ್ತಿದ್ದರು. ಪೆಟ್ರೋಲಿನಲ್ಲಿ ಸಿಗುವ ಶಕ್ತಿ ಅದರಲ್ಲಿ ಸಿಗುತ್ತಿರಲಿಲ್ಲ, ದಿಣ್ಣೆ ಬಂದರೆ ಜನ ಇಳಿದು ತಳ್ಳಬೇಕಿತ್ತು. ಹಳೆಯ ಸಾಲು ಎಂಜಿನ್‌ಗಳು ಇದನ್ನು ತಡೆದುಕೊಂಡವು, ಯಾಕೆಂದರೆ ಅವು ದೊಡ್ಡವು, ನಿಧಾನ ಓಡುವಂಥವು. ಗಾಡಿಯ ಹಿಂಭಾಗದ ಚಾಸಿಯಲ್ಲಿ ಕಂಪನಿ ಮಾಡದ ತೂತುಗಳು, ಬೆಸುಗೆ ಹಾಕಿದ ಪಟ್ಟಿಗಳು ಇವೆಯಾ ನೋಡಿ. ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸುವ ಕಾರ್ಬೊರೇಟರ್ ಹತ್ತಿರ ಪೈಪ್ ಕತ್ತರಿಸಿ ಮತ್ತೆ ಮುಚ್ಚಿದ ಗುರುತಿದೆಯಾ ನೋಡಿ. ಸಿಕ್ಕರೆ ಅದನ್ನು ಪೇಂಟ್ ಹೊಡೆದು ಮುಚ್ಚಬೇಡಿ, ಅದು ಆ ಗಾಡಿಯ ಚರಿತ್ರೆ.

ಈ ಇದ್ದಿಲಿನ ಮಾತಿನಿಂದ ಇನ್ನೊಂದು ಲಾಭ ಇದೆ. ಅಮೆರಿಕದ ಕಾರ್ಖಾನೆಗಳು 1942ರ ಫೆಬ್ರವರಿಯಲ್ಲಿ ಜನರಿಗಾಗಿ ಕಾರು ಮಾಡುವುದನ್ನು ನಿಲ್ಲಿಸಿ ಯುದ್ಧದ ಕೆಲಸಕ್ಕೆ ಇಳಿದವು. ಯುದ್ಧ ಮುಗಿದ ಮೇಲೇ ಮತ್ತೆ ಶುರು. ತಾತ ಯುದ್ಧ ನಡೆಯುವಾಗಲೇ ಈ ಗಾಡಿಯನ್ನು ಇದ್ದಿಲಿನಲ್ಲಿ ಓಡಿಸಿದ್ದು ಖಚಿತ ಆದರೆ, ಅದು 1942ಕ್ಕಿಂತ ಈಚಿನ ಗಾಡಿ ಆಗಿರಲು ಸಾಧ್ಯವಿಲ್ಲ. ಗೇರ್ ಕಡ್ಡಿ, ಸ್ಟಾರ್ಟರ್, ಇದ್ದಿಲು ಮೂರನ್ನೂ ಸೇರಿಸಿ ನೋಡಿ, ವರ್ಷ ಎಷ್ಟು ಹತ್ತಿರಕ್ಕೆ ಬರುತ್ತದೆ ಅಂತ.

ಅಮೆರಿಕದ ಗಾಡಿ ಚಿಂತಾಮಣಿಗೆ ಬಂದದ್ದು ಆಶ್ಚರ್ಯ ಏನಲ್ಲ. ಜನರಲ್ ಮೋಟರ್ಸ್ 1928ರಿಂದ 1954ರವರೆಗೆ ಮುಂಬಯಿಯಲ್ಲಿ ಗಾಡಿ ಜೋಡಿಸುತ್ತಿತ್ತು, ಬಿಡಿಭಾಗ ಹಡಗಿನಲ್ಲಿ ಬರುತ್ತಿತ್ತು. ನಮ್ಮ ಕಡೆ ರಸ್ತೆಗೆ ಎತ್ತರವಾದ, ಗಟ್ಟಿಯಾದ ಗಾಡಿಯೇ ಬೇಕಿತ್ತು. ಪೂರ್ತಿ ನಮ್ಮಲ್ಲೇ ಕಾರು ತಯಾರಾಗಬೇಕು ಅಂತ 1930ರ ದಶಕದಲ್ಲೇ ಯೋಜನೆ ಹಿಡಿದು ಓಡಾಡಿದವರು ನಿಮ್ಮ ಜಿಲ್ಲೆಯ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ಆ ಪ್ರಯತ್ನದಲ್ಲಿ ಜೊತೆಗಿದ್ದ ವಾಲಚಂದ್ ಹೀರಾಚಂದ್ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಶುರು ಮಾಡಿದರು. ನಾವೆಲ್ಲ ನೋಡಿ ಬೆಳೆದ ಫಿಯೆಟ್ 1100, ಆಮೇಲಿನ ಪದ್ಮಿನಿ, ಅಲ್ಲಿಂದಲೇ ಬಂದವು. ಅವೂ ಸಾಲು ಎಂಜಿನ್ನೇ, ನಾಲ್ಕು ಸಿಲಿಂಡರ್, 1089 ಸಿಸಿ.

ನಂದಿ ಬೆಟ್ಟದ ಒದ್ದೆ ಬಟ್ಟೆಗೆ ಬರುತ್ತೇನೆ. ಬೆಟ್ಟದಲ್ಲಿ ಗಾಡಿ ನಿಂತಿತು ಅಂದರೆ ಎಲ್ಲರೂ 'ರೇಡಿಯೇಟರ್ ಕುದಿಯಿತು' ಅನ್ನುತ್ತಾರೆ. ಕುದಿಯುವುದೂ ಇತ್ತು. ಆದರೆ ಬಟ್ಟೆ ಸುತ್ತಿದರೆ ಹೊರಡುತ್ತಿತ್ತು ಅಂದರೆ ಅದು ಬೇರೆ ಕಾಯಿಲೆ. ಆ ಗಾಡಿಗಳಲ್ಲಿ ಪೆಟ್ರೋಲ್ ಪಂಪ್ ಎಂಜಿನ್ನಿನ ಮೈಗೇ ಅಂಟಿಕೊಂಡಿರುತ್ತದೆ. ಕಡಿಮೆ ಗೇರಿನಲ್ಲಿ ಏರು ಹತ್ತುವಾಗ ಎಂಜಿನ್ ಕಾಯುತ್ತದೆ, ಗಾಡಿ ನಿಧಾನ ಇರುವುದರಿಂದ ಗಾಳಿ ಬೀಸುವುದೂ ಕಡಿಮೆ. ಪಂಪಿನಲ್ಲಿ, ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ಗುಳ್ಳೆ ಕಟ್ಟುತ್ತದೆ. ಪಂಪ್ ದ್ರವ ಎಳೆಯಬಲ್ಲದು, ಆವಿಯನ್ನು ಎಳೆಯಲಾರದು. ಕಾರ್ಬೊರೇಟರ್ ಒಣಗಿ ಎಂಜಿನ್ ಕೆಮ್ಮಿ ನಿಲ್ಲುತ್ತದೆ. ಇದಕ್ಕೆ ವೇಪರ್ ಲಾಕ್ ಅನ್ನುತ್ತಾರೆ. ಒದ್ದೆ ಬಟ್ಟೆ ಪಂಪಿಗೆ ಸುತ್ತಿದರೆ ಆವಿ ಮತ್ತೆ ಪೆಟ್ರೋಲ್ ಆಗುತ್ತದೆ. ಸುಮಾರು 1,478 ಮೀಟರ್ ಎತ್ತರದ ನಂದಿಗೆ ಏರುವಾಗ ಗಾಳಿಯ ಒತ್ತಡವೂ ಸ್ವಲ್ಪ ಕಡಿಮೆ ಆಗುತ್ತದೆ, ಪೆಟ್ರೋಲ್ ಇನ್ನೂ ಬೇಗ ಆವಿಯಾಗುತ್ತದೆ. ನಿಮ್ಮ ತಾತ ಬಟ್ಟೆ ಸುತ್ತಿದ್ದು ರೇಡಿಯೇಟರಿಗಲ್ಲ, ಪಂಪಿಗೆ. ಅಜ್ಜಿಯನ್ನು ಕೇಳಿ ನೋಡಿ, ಬಾನೆಟ್ಟಿನ ಒಳಗೆ ಕೈ ಹಾಕಿ ಪಕ್ಕದಲ್ಲಿ ಸುತ್ತುತ್ತಿದ್ದರು ಅಂತಲೇ ಹೇಳುತ್ತಾರೆ ಅಂತ ನನ್ನ ಊಹೆ. ತಾತನಿಗೆ ಎಂಜಿನ್ ಚೆನ್ನಾಗಿ ಗೊತ್ತಿತ್ತು.

ಇನ್ನು ಈ ಎಂಜಿನ್ ತೆಗೆದು ಡೀಸೆಲ್ ಕೂರಿಸೋಣ ಅಂತ ಮೆಕ್ಯಾನಿಕ್ ಹೇಳಿದ ಮಾತು. ಅವರ ಮೇಲೆ ಕೋಪ ಬೇಡ. ಅವರು ದಿನಾ ನೋಡುವ ಎಂಜಿನ್ನಿಗೂ ಇದಕ್ಕೂ ಬಹಳ ವ್ಯತ್ಯಾಸ ಇದೆ, ಇದನ್ನು ಅದರ ಅಳತೆಯಲ್ಲಿ ಅಳೆದರೆ ಕೆಟ್ಟದ್ದಾಗಿಯೇ ಕಾಣುತ್ತದೆ. ಶೆವರ್ಲೆಯೇ ಆಗಿದ್ದು 1937ರಿಂದ 1948ರೊಳಗಿನದಾಗಿದ್ದರೆ ಅದು 216 ಘನ ಇಂಚಿನ, ಅಂದರೆ ಸುಮಾರು 3.5 ಲೀಟರ್ ಎಂಜಿನ್. 3.5 ಲೀಟರಿಗೆ ಅದು ಕೊಡುತ್ತಿದ್ದದ್ದು 85ರಿಂದ 90 ಎಚ್‌ಪಿ ಅಷ್ಟೇ. ಅದರಲ್ಲಿ ಕನೆಕ್ಟಿಂಗ್ ರಾಡುಗಳಿಗೆ ಆಯಿಲ್ ಪಂಪ್ ಒತ್ತಡದಲ್ಲಿ ಎಣ್ಣೆ ಹೋಗುವುದಿಲ್ಲ. ಆಯಿಲ್ ಚೇಂಬರಿನಲ್ಲಿ ಎಣ್ಣೆ ತುಂಬಿದ ತೊಟ್ಟಿಗಳಿರುತ್ತವೆ, ಪ್ರತಿ ರಾಡಿನ ತಳದಲ್ಲಿ ಎಣ್ಣೆ ಮೊಗೆಯುವ ಸಣ್ಣ ಮೂತಿ ಇರುತ್ತದೆ, ಅದು ತಿರುಗುತ್ತಾ ಎಣ್ಣೆ ಎತ್ತಿಕೊಳ್ಳುತ್ತದೆ. ಎಂಜಿನ್ ಜೋರಾದಾಗ ಸಣ್ಣ ನಳಿಕೆಗಳು ಆ ಮೂತಿಗೆ ಗುರಿಯಿಟ್ಟು ಎಣ್ಣೆ ಚಿಮ್ಮುತ್ತವೆ. ಆಯಿಲ್ ಮೀಟರ್ 14-15 ಪೌಂಡ್ ತೋರಿಸಿದರೆ ಅದಕ್ಕೆ ಅದೇ ಆರೋಗ್ಯ. ಈಗಿನವರು ಅದನ್ನು ನೋಡಿ 'ಎಂಜಿನ್ ಹೋಗಿದೆ' ಅಂದುಬಿಡುತ್ತಾರೆ.

ರಾಡಿನ ಬೇರಿಂಗೂ ಬೇರೆ. ಅಂಗಡಿಯಲ್ಲಿ ಸಿಗುವ ಬೇರಿಂಗ್ ಸೆಟ್ ಇದಕ್ಕಿಲ್ಲ. ವೈಟ್ ಮೆಟಲ್ ಅನ್ನುವ ಮೆತ್ತನೆಯ ಲೋಹ ಕರಗಿಸಿ ರಾಡಿಗೇ ಎರಕ ಹೊಯ್ದು, ಆಮೇಲೆ ಲೇತಿನಲ್ಲಿ ಅಳತೆಗೆ ತರಬೇಕು. ಈ ಕೆಲಸ ಬಲ್ಲವರು ಕಡಿಮೆಯಾಗುತ್ತಿದ್ದಾರೆ, ಆದರೆ ಬೆಂಗಳೂರಿನ ಹಳೇ ಲೇತ್ ಅಂಗಡಿಗಳಲ್ಲಿ ವಿಚಾರಿಸಿದರೆ ಸಿಗುತ್ತಾರೆ. ಡಾಜ್, ಪ್ಲಿಮತ್ ಆಗಿದ್ದರೆ ಈ ತಲೆನೋವು ಕಡಿಮೆ, ಅವುಗಳಲ್ಲಿ ಒತ್ತಡದಲ್ಲೇ ಎಣ್ಣೆ ಹೋಗುತ್ತದೆ.

ಜಾಮ್ ಬಿಡಿಸುವುದು ಹೇಗೆ? ಮೊದಲಿಗೆ, ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಬೇಡಿ. ಹಳ್ಳಿಯಲ್ಲಿ ಎಲ್ಲರೂ ಕೊಡುವ ಸಲಹೆ ಅದೇ, ಎಂಜಿನ್ ಮುರಿಯುವುದೂ ಅದರಿಂದಲೇ. ಪಿಸ್ಟನ್ ಅಂಟಿಕೊಂಡಿರುವಾಗ ಚಕ್ರದಿಂದ ಬಲ ಬಂದರೆ ರಿಂಗ್ ಒಡೆಯುತ್ತದೆ, ವಾಲ್ವ್ ಅಂಟಿದ್ದರೆ ಅದನ್ನು ತೆರೆಯುವ ಪುಷ್ ರಾಡ್ ಬಾಗುತ್ತದೆ. ಎಲ್ಲ ಪ್ಲಗ್ ಬಿಚ್ಚಿ. ಪ್ರತಿ ಸಿಲಿಂಡರಿಗೂ ತೆಳ್ಳಗಿನ ಎಣ್ಣೆ ಹಾಕಿ, ಆಟೊಮ್ಯಾಟಿಕ್ ಗೇರ್ ಎಣ್ಣೆಗೆ ಅಸಿಟೋನ್ ಬೆರೆಸಿದ್ದು ಚೆನ್ನಾಗಿ ಇಳಿಯುತ್ತದೆ, ಅದಿಲ್ಲದಿದ್ದರೆ ಸೀಮೆಎಣ್ಣೆಗೆ ಎಂಜಿನ್ ಆಯಿಲ್ ಬೆರೆಸಿದರೂ ಆಗುತ್ತದೆ. ಬೆಂಕಿ ಹತ್ತಿರ ಬೇಡ. ಹಾಕಿ ಬಿಟ್ಟುಬಿಡಿ, ಆಗಾಗ ಮತ್ತೆ ಹಾಕಿ, ವಾರಗಟ್ಟಲೆ ಬೇಕಾದರೂ ಬೇಕಾಗಬಹುದು. ಈ ನಡುವೆ ಟ್ಯಾಪೆಟ್ ಕವರ್ ಬಿಚ್ಚಿ ವಾಲ್ವ್ ಕಡ್ಡಿಗಳಿಗೂ ಎಣ್ಣೆ ಬಿಡಿ, ಒಂದೊಂದನ್ನೇ ಒತ್ತಿ ಸಲೀಸಾಗಿ ಇಳಿದು ಏರುತ್ತದಾ ನೋಡಿ. ಆಯಿಲ್ ಚೇಂಬರ್ ಇಳಿಸಲೇಬೇಕು, ಅದನ್ನು ಬಿಟ್ಟು ಮುಂದೆ ಹೋಗಬೇಡಿ. ತಳದಲ್ಲಿ ಗಟ್ಟಿಯಾದ ಕೆಸರಿರುತ್ತದೆ, ನಳಿಕೆಗಳು ಕಟ್ಟಿಕೊಂಡಿರುತ್ತವೆ, ಅದನ್ನು ತೊಳೆಯದೆ ಸ್ಟಾರ್ಟ್ ಮಾಡಿದರೆ ಬೇರಿಂಗ್ ಆ ಕ್ಷಣಕ್ಕೇ ಹೋಗುತ್ತದೆ.

ಆಮೇಲೆ ಮುಂದಿನಿಂದ ಹ್ಯಾಂಡಲ್ ಹಾಕಿ ಹಿಂದೆ ಮುಂದೆ ಮೆಲ್ಲಗೆ ಆಡಿಸಿ. ಕೂದಲೆಳೆಯಷ್ಟು ಅಲ್ಲಾಡಿದರೂ ಸಾಕು, ಗೆದ್ದಿರಿ. ಮುಂದೆ ಸ್ಟಾರ್ಟ್ ಮಾಡಲು ಹ್ಯಾಂಡಲ್ ಹೊಡೆಯುವ ದಿನ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಿ, ಹ್ಯಾಂಡಲ್ ಸುತ್ತ ಹಿಡಿಯಬೇಡಿ, ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಎಂಜಿನ್ ಹಿಂದಕ್ಕೆ ಒದ್ದರೆ ಕೈ ಮುರಿಯುತ್ತದೆ.

ಬ್ಯಾಟರಿ ತರುವ ಮುಂಚೆ ಡೈನಮೋ ಮೇಲಿನ ತಗಡು ಓದಿ. ಆ ಕಾಲದ ಅಮೆರಿಕದ ಗಾಡಿಗಳು 6 ವೋಲ್ಟ್‌ನವು, ಶೆವರ್ಲೆ 12 ವೋಲ್ಟ್‌ಗೆ ಬಂದದ್ದು 1955ಕ್ಕೆ. ಡಾಜ್, ಪ್ಲಿಮತ್‌ಗಳಲ್ಲಿ ಗಾಡಿಯ ಮೈಗೆ ಹೋಗುವುದು ಬ್ಯಾಟರಿಯ ಪಾಸಿಟಿವ್ ವೈರ್, ಅದನ್ನು ನೋಡದೆ ಉಲ್ಟಾ ಕೊಟ್ಟವರು ಬಹಳ ಜನ.

ನೀರಿನ ವಿಷಯದಲ್ಲಿ ನಿಮ್ಮ ಕಡೆಯವರಿಗೆ ಒತ್ತಿ ಹೇಳಬೇಕು. ಕೋಲಾರ, ಚಿಂತಾಮಣಿ ಕಡೆಯ ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ. ಅದನ್ನು ರೇಡಿಯೇಟರಿಗೆ ಹಾಕಿದರೆ ಬ್ಲಾಕಿನ ಒಳಗೆ ಪದರ ಕಟ್ಟುತ್ತದೆ. ಸಾಲು ಎಂಜಿನ್ನಿನಲ್ಲಿ ತಂಪು ನೀರು ಮುಂದಿನಿಂದ ಬರುವುದರಿಂದ ಹಿಂದಿನ ಸಿಲಿಂಡರ್‌ಗಳು ಮೊದಲೇ ಸ್ವಲ್ಪ ಬಿಸಿ, ಅಲ್ಲಿ ಪದರ ಕಟ್ಟಿದರೆ ಹೆಡ್ ಬಿರುಕು ಬಿಡುತ್ತದೆ. ಬ್ಲಾಕಿನ ಪಕ್ಕದಲ್ಲಿರುವ ದುಂಡನೆಯ ತಗಡಿನ ಬಿಲ್ಲೆಗಳನ್ನು ತೆಗೆದು ಒಳಗೆಲ್ಲ ಕೆರೆದು ತೊಳೆಸಿ, ಹೊಸ ಬಿಲ್ಲೆ ಹಾಕಿಸಿ. ಮಳೆ ನೀರು ಅಥವಾ ಡಿಸ್ಟಿಲ್ಡ್ ವಾಟರ್‌ಗೆ ಕೂಲಂಟ್ ಬೆರೆಸಿ ಹಾಕಿ. ಪೆಟ್ರೋಲ್ ಬಗ್ಗೆ ಹೆದರಿಕೆ ಬೇಡ, ಇಷ್ಟು ಕಡಿಮೆ ಕಂಪ್ರೆಷನ್ನಿನ ಎಂಜಿನ್ನಿಗೆ ಈಗಿನ ಸಾದಾ ಪೆಟ್ರೋಲಿನ ಆಕ್ಟೇನ್ ಬೇಕಾದದ್ದಕ್ಕಿಂತ ಜಾಸ್ತಿಯೇ. ಆದರೆ ಅದರಲ್ಲಿರುವ ಎಥನಾಲ್ ಹಳೇ ರಬ್ಬರನ್ನು ತಿನ್ನುತ್ತದೆ. ಪಂಪಿನ ಡಯಾಫ್ರಾಮ್, ಪೈಪು ಎಲ್ಲ ಹೊಸದು ಹಾಕಿಸಿ, ಓಡಿಸದೆ ನಿಲ್ಲಿಸುವಾಗ ಟ್ಯಾಂಕ್ ಖಾಲಿ ಮಾಡಿ.

ಡೀಸೆಲ್ ಎಂಜಿನ್ ಬೇಡ ಅನ್ನಲು ಕಾನೂನಿನ ಕಾರಣವೂ ಇದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ಅದು ಅನ್ವಯ. ಚಾಸಿ, ಬಾಡಿ, ಎಂಜಿನ್ ಬದಲಾಗಿ ರೂಪ ಕೆಟ್ಟಿದ್ದರೆ ಸಿಗುವುದಿಲ್ಲ. ಹೊಸದಾಗಿ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ ಮಾನ್ಯ, ನವೀಕರಣಕ್ಕೆ 5,000. ಹಳೇ ನಂಬರ್ ಇದ್ದು ನೋಂದಣಿ ಆಗಿದ್ದ ಗಾಡಿ ಆ ನಂಬರನ್ನೇ ಉಳಿಸಿಕೊಳ್ಳಬಹುದು. ಬಾಡಿಗೆಗೆ ಓಡಿಸುವ ಹಾಗಿಲ್ಲ, ದಿನಾ ಓಡಾಡಲೂ ಅಲ್ಲ.

ಅದಕ್ಕೇ ಆರ್‌ಸಿ ಹುಡುಕುವುದು ಮುಖ್ಯ. ಪೆಟ್ಟಿಗೆ, ಅಟ್ಟ, ತಾತನ ಜಮೀನು ಪತ್ರಗಳ ಕಟ್ಟು, ಎಲ್ಲ ಬಿಚ್ಚಿ ನೋಡಿ. ತೆರಿಗೆ ಕಟ್ಟಿದ ರಸೀದಿ, ಇನ್ಶೂರೆನ್ಸ್ ಚೀಟಿ, ನಂಬರ್ ಕಾಣುವ ಮದುವೆ ಫೋಟೋ ಯಾವುದಾದರೂ ಆಗುತ್ತದೆ. ಮೈಸೂರು ರಾಜ್ಯದ ಕಾಲದ ನಂಬರ್ ಆಗಿದ್ದರೆ 'ಎಂವೈ' ಎಂದು ಶುರುವಾಗಿರಬಹುದು. ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ, ಅದಕ್ಕೂ ಮೊದಲು ಚಿಂತಾಮಣಿ ಕೋಲಾರ ಜಿಲ್ಲೆಯಲ್ಲಿತ್ತು, ಹಾಗಾಗಿ ಹಳೇ ದಾಖಲೆ ಕೇಳಲು ಮೊದಲು ಕೋಲಾರದ ಆರ್‌ಟಿಒ ಕಚೇರಿಗೆ ಹೋಗಿ.

ಈಗ ನೀವು ಮಾಡಬೇಕಾದ ಮೊದಲ ಕೆಲಸ ಇಷ್ಟೇ. ಡಿಸ್ಟ್ರಿಬ್ಯೂಟರ್ ಹತ್ತಿರ ಬ್ಲಾಕಿನ ಮೇಲೆ ಸಪಾಟಾದ ಜಾಗ ಇದೆಯಾ ನೋಡಿ, ಶೆವರ್ಲೆ ಆಗಿದ್ದರೆ ಎಂಜಿನ್ ನಂಬರ್ ಅಲ್ಲೇ ಹೊಡೆದಿರುತ್ತಾರೆ. ತುಕ್ಕನ್ನು ಉಜ್ಜು ಕಾಗದದಲ್ಲಿ ಉಜ್ಜಬೇಡಿ, ಅಂಕಿ ಅಳಿಸಿಹೋಗುತ್ತದೆ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ತೆಳ್ಳಗಿನ ಕಾಗದ ಇಟ್ಟು ಪೆನ್ಸಿಲ್ ಆಡಿಸಿ, ಆರ್‌ಟಿಒದಲ್ಲಿ ಚಾಸಿ ಪ್ರಿಂಟ್ ತೆಗೆಯುತ್ತಾರಲ್ಲ, ಹಾಗೆ. ಆ ಪ್ರಿಂಟು, ಪ್ಲಗ್ ಸಾಲು ಪೂರ್ತಿ ಕಾಣುವ ಒಂದು ಫೋಟೋ, ಪೆಡಲ್‌ಗಳ ಒಂದು ಫೋಟೋ ಕಳಿಸಿ. ಯಾವ ಕಂಪನಿಯದು, ಯಾವ ವರ್ಷದ್ದು ಅಂತ ಕೂತು ನೋಡೋಣ. ಬಿಡಿಭಾಗ ಯಾವುದು ಬೇಕು ಅಂತ ಪಟ್ಟಿ ಮಾಡುವುದು ಅದಾದ ಮೇಲೆ. ಅಲ್ಲಿಯವರೆಗೆ ಏನನ್ನೂ ಬಿಚ್ಚಿ ಗುಜರಿಗೆ ಕೊಡಬೇಡಿ, ತುಂಡಾದ ಬೋಲ್ಟನ್ನೂ ಒಂದು ಡಬ್ಬಿಯಲ್ಲಿ ಹಾಕಿಡಿ.